ಮಗಳಿಗೊಂದು ಪತ್ರ: ಬಾನೆಟ್ ಬೆಚ್ಚಗಿತ್ತು

ಪ್ರೀತಿಯ ಪುಟ್ಟಿ,

ನೀನು ಕೊಳ್ಳಬೇಕೆಂದಿರುವ ಮಡಿಕೇರಿಯ ಹಳೇ ಹೋಂಡಾ ಸಿಟಿ ಕಾರಿನ ಹನ್ನೊಂದು ಫೋಟೊ ಕಳಿಸಿ "ಹೇಗಿದೆ ಅಪ್ಪಾ?" ಅಂತ ಕೇಳಿದ್ದೆ. ನಾನು "ನೋಡಿ ಹೇಳ್ತೀನಿ" ಅಂದದ್ದಕ್ಕೆ ನಿನಗೆ ಸಿಟ್ಟು ಬಂತಂತೆ, ಅಮ್ಮ ಹೇಳಿದಳು. ಫೋಟೊದಲ್ಲಿ ಎಲ್ಲಾ ಕಾರೂ ಚೆನ್ನಾಗೇ ಇರುತ್ತದೆ ಮಗಳೇ. ಅದಕ್ಕೇ ನಿನಗೆ ಹೇಳದೆ ಎರಡು ಸಲ ಮಡಿಕೇರಿಗೆ ಹೋಗಿ ಬಂದೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಈ ಕಾಗದ.

ಮೊದಲ ಸಲ ಹೋದದ್ದು ಕಳೆದ ಭಾನುವಾರ. ಹತ್ತು ಗಂಟೆಗೆ ಬರುತ್ತೇನೆಂದು ಮೊದಲೇ ತಿಳಿಸಿದ್ದೆ. ಕಾರಿನ ಯಜಮಾನರು ಒಳ್ಳೆಯವರೇ, ಕೂರಿಸಿ ಕಾಫಿ ಕೊಟ್ಟರು. ಗಾಡಿ ತೊಳೆದು, ಟೈರಿಗೆ ಪಾಲಿಶ್ ಹೊಡೆದು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಮಾತಾಡುತ್ತಾ ಸುಮ್ನೆ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಹೊರಗೆ ಬೆಳಗ್ಗಿನಿಂದ ಮಳೆ, ಕೈ ಮರಗಟ್ಟುವ ಚಳಿ. ಎರಡು ದಿನದಿಂದ ಹೊರಗೇ ತೆಗೆದಿಲ್ಲ ಅಂದ ಗಾಡಿ ಬೆಚ್ಚಗೆ ಯಾಕಿರಬೇಕು? ನಾನು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಟ್ಟಿದ್ದಾರೆ, ಅಷ್ಟೆ. ಇದನ್ನು ಮೋಸ ಅನ್ನಲಾರೆ. ನೆಂಟರು ಬರುತ್ತಾರೆಂದರೆ ನಾವೂ ಜಗಲಿ ಗುಡಿಸುತ್ತೇವೆ ಅಲ್ವಾ? ಆದರೆ ಹಳೇ ಎಂಜಿನ್ನಿನ ಗುಣ ಗೊತ್ತಾಗುವುದು ರಾತ್ರಿಯೆಲ್ಲ ತಣ್ಣಗಾಗಿ, ಬೆಳಗ್ಗೆ ಮೊದಲ ಸಲ ಕೀ ತಿರುಗಿಸಿದಾಗ. ಬಿಸಿಯಾದ ಮೇಲೆ ಎಷ್ಟೋ ಸದ್ದು ಅಡಗಿಬಿಡುತ್ತದೆ. 27 ವರ್ಷ ಬಸ್ಸು ಓಡಿಸಿದವನಿಗೆ ಅಷ್ಟಾದರೂ ಗೊತ್ತಿರಬೇಡವೇ? ಅವತ್ತು ಕಾಗದಪತ್ರ ಮಾತ್ರ ನೋಡಿ ವಾಪಸ್ ಬಂದೆ.

ಬುಧವಾರ ಬೆಳಗ್ಗೆ ನಮ್ಮ ಮೆಕ್ಯಾನಿಕ್‌ನನ್ನು ಜೀಪಿನಲ್ಲಿ ಕೂರಿಸಿಕೊಂಡು, ಮಾದಾಪುರ ದಾಟಿ, ಏಳು ಗಂಟೆಗೇ ಅವರ ಗೇಟಿನ ಮುಂದೆ ನಿಂತು ಫೋನ್ ಮಾಡಿದೆ. ಪಾಪ, ಲುಂಗಿಯಲ್ಲೇ ಬಂದರು. ಬಾನೆಟ್ ಐಸಿನಂತಿತ್ತು. ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹಿಡಿಯಿತು. ಟಪಟಪ ಇಲ್ಲ, ಗೊರಗೊರ ಇಲ್ಲ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ. ಇದರಲ್ಲಿ ಬಂದದ್ದು ಬರೀ ಚಳಿಯ ಹಬೆ, ಎರಡು ನಿಮಿಷದಲ್ಲಿ ಹೋಯಿತು. ಆಯಿಲ್ ಮುಚ್ಚಳ ಬಿಚ್ಚಿ ನೋಡಿದೆವು. ಒಳಗೆ ನೀರು ಸೇರಿದ್ದರೆ ಅಲ್ಲಿ ಹಾಲುಕಾಫಿ ಬಣ್ಣದ ಕೆನೆ ಕಟ್ಟಿರುತ್ತದೆ. ಇರಲಿಲ್ಲ. ಹೋಂಡಾ ಸಿಟಿಯ ಈ ಪೆಟ್ರೋಲ್ ಎಂಜಿನ್‌ಗೆ ಒಳಭಾಗಗಳನ್ನು ತಾಳ ತಪ್ಪದೆ ತಿರುಗಿಸಲು ರಬ್ಬರ್ ಬೆಲ್ಟ್ ಅಲ್ಲ, ಟೈಮಿಂಗ್ ಚೈನ್ ಎಂಬ ಸರಪಳಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಬಹಳ ಕಾಲ ಬರುತ್ತದೆ. ಎಂಜಿನ್ ವಿಷಯದಲ್ಲಿ ನಿನ್ನ ಆಯ್ಕೆ ಸರಿ. ಇಲ್ಲಿಗೆ ಹೊಗಳಿಕೆ ಮುಗಿಯಿತು.

ಗಾಡಿಯ ನಂಬರ್ ಕೆಎ 19 ಅಂತ ನೀನು ಗಮನಿಸಿದೆಯಾ? ಮಂಗಳೂರಿನ ಗಾಡಿ. ಮೊದಲ ಓನರ್ ಏಳು ವರ್ಷ ಕಡಲ ಗಾಳಿಯಲ್ಲಿ ಇಟ್ಟಿದ್ದರು, ಆಮೇಲೆ ಮಡಿಕೇರಿಯ ಮಳೆ. ಉಪ್ಪೂ ಆಯಿತು, ನೀರೂ ಆಯಿತು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದೆ. ಗುಂಡಿಯಲ್ಲಿ ಒಂದು ಲೋಟದಷ್ಟು ನೀರು, ಸುತ್ತ ಕೆಂಪು ತುಕ್ಕು. ಬೆರಳಿನಿಂದ ಕೆರೆದರೆ ಹಪ್ಪಳದ ಹಾಗೆ ಎದ್ದು ಬಂತು. ಮೆಕ್ಯಾನಿಕ್ ಕೆಳಗೆ ನುಸುಳಿ ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ಸದ್ದು ಗಟ್ಟಿಯಾಗೇ ಇತ್ತು. ತುಕ್ಕು ಮೇಲುಮೇಲಿನದು, ತೂತು ಬಿದ್ದಿಲ್ಲ. ಕೆರೆದು, ಕೋಟಿಂಗ್ ಹೊಡೆಸಿದರೆ ನಿಲ್ಲುತ್ತದೆ. ಇನ್ನೊಂದು ಮಳೆಗಾಲ ಹಾಗೇ ಬಿಟ್ಟರೆ ನಿಲ್ಲುವುದಿಲ್ಲ.

ಸೀಟ್ ಬೆಲ್ಟ್ ನಾಲ್ಕನ್ನೂ ಕೊನೆಯವರೆಗೆ ಎಳೆದು ನೋಡಿದೆ. ಯಜಮಾನರಿಗೆ ವಿಚಿತ್ರ ಅನ್ನಿಸಿರಬೇಕು. ನಿನಗೆ ನೆನಪಿದೆಯಲ್ಲ, 2020ರಲ್ಲಿ ನಾವು ಹೊರಜಿಲ್ಲೆಯಿಂದ ತಂದ ಆ ಬಿಳಿ ಗಾಡಿ? ಆರು ತಿಂಗಳಲ್ಲಿ ಮೊದಲು ವೈಪರ್, ಆಮೇಲೆ ಲೈಟು, ಆಮೇಲೆ ಎಲ್ಲವೂ ಕೆಟ್ಟಿತು. ಕೊನೆಗೆ ಬೆಲ್ಟ್ ಪೂರ್ತಿ ಎಳೆದಾಗ ತುದಿಯಲ್ಲಿ ಒಣಗಿದ ಕೆಸರಿನ ಗೆರೆ. ಪ್ರವಾಹದಲ್ಲಿ ಮುಳುಗಿದ್ದ ಗಾಡಿಯನ್ನು ಒರೆಸಿ ನಮಗೆ ಮಾರಿದ್ದರು. ನೋಡದೆ ದುಡ್ಡು ಕೊಟ್ಟವನು ನಾನು. ಈ ಕಾರಿನ ಬೆಲ್ಟುಗಳು ಶುದ್ಧವಾಗಿವೆ.

ಮೇಕೇರಿವರೆಗೆ ಇಳಿದು ವಾಪಸ್ ಹತ್ತಿಸಿದೆ. ಇಳಿಯುವಾಗ ಬ್ರೇಕ್ ಚೆನ್ನಾಗಿ ಹಿಡಿಯಿತು. ಹತ್ತುವಾಗ ಮೂರನೇ ಗೇರಿನಲ್ಲಿ ಜೋರಾಗಿ ಒತ್ತಿದರೆ ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಏರಿತು, ಗಾಡಿ ಏರಲಿಲ್ಲ. ಕ್ಲಚ್ ಮುಗಿದಿದೆ. ಗುಂಡಿಗೆ ಇಳಿದಾಗೆಲ್ಲ ಮುಂದಿನ ಎಡಚಕ್ರದ ಕಡೆ ಕಟಕ್ ಅನ್ನುತ್ತದೆ. ಚಕ್ರದ ಜೋಡಣೆಯಲ್ಲಿರುವ ರಬ್ಬರ್ ಬುಷ್ ಹೋಗಿದೆ, ಶಾಕ್ ಅಬ್ಸಾರ್ಬರ್ ಸೋರುತ್ತಿದೆ. ಇದು ಕಾರಿನ ತಪ್ಪಲ್ಲ, ನಮ್ಮ ರಸ್ತೆಗಳ ಪ್ರಸಾದ.

ಮೀಟರಿನಲ್ಲಿ 78,000 ಕಿಲೋಮೀಟರ್ ಇದೆ. ಮೊದಲ ಓನರ್ ಮಾರುವಾಗ 64,000 ಆಗಿತ್ತು, ಅಲ್ಲಿಯವರೆಗಿನ ಸರ್ವಿಸ್ ಬಿಲ್ ಎಲ್ಲಾ ಇದೆ. ಆಮೇಲಿನದು ಒಂದೂ ಇಲ್ಲ. ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದೆ, ಸ್ಟಿಯರಿಂಗ್ ಕೈ ಹಿಡಿಯುವ ಕಡೆ ಹೊಳೆಯುತ್ತಿದೆ. ಮೀಟರ್ ಹೇಳುವಷ್ಟೇ ಓಡಿದ ಗಾಡಿಗೆ ಈ ಸವೆತ ಹೆಚ್ಚು. ಆದರೂ ಯಾರನ್ನೂ ಕಳ್ಳ ಅನ್ನುವುದು ಬೇಡ. ಲಕ್ಷ ದಾಟಿದ ಗಾಡಿ ಅಂದುಕೊಂಡೇ ನೀನು ಬೆಲೆ ಕಟ್ಟು.

ಟೈರಿನ ಪಾಲಿಶ್ ಒರೆಸಿ ನಂಬರ್ ಓದಿದೆ. ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೇ ನಾಲ್ಕು ಅಂಕಿ ನೋಡಬೇಕು. ಮೊದಲೆರಡು ವಾರ, ಮುಂದಿನೆರಡು ವರ್ಷ. ನಾಲ್ಕಕ್ಕೂ 3318. ಅಂದರೆ 2018ರ 33ನೇ ವಾರ, ಆಗಸ್ಟ್ ನಡುಭಾಗ. ಹಟ್ಟಿಹೊಳೆ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದು ಆ ವಾರವೇ. ಬಸ್ಸು ನಿಂತು ನಾನು ಮನೆ ಸೇರಲಾಗದೆ ನೀನು ಅತ್ತಿದ್ದು ಆವಾಗಲೇ. ಎಲ್ಲೋ ಫ್ಯಾಕ್ಟರಿಯಲ್ಲಿ ಆ ವಾರ ಯಾರೋ ಈ ಟೈರ್ ಮಾಡುತ್ತಿದ್ದರಲ್ಲ ಅಂತ ಒಂದು ಗಳಿಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಇರಲಿ. ಟೈರಿನ ಗೀರು ಸವೆಯದೆ ಇನ್ನೂ ಆಳವಾಗಿದೆ, ಆದರೆ ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿದೆ. ರಾತ್ರಿ ಡ್ಯೂಟಿ ಮುಗಿಸಿ ಮಳೆಯಲ್ಲಿ ಬರುವ ಹುಡುಗಿಗೆ ಆ ಟೈರ್ ಆಗದು.

ಇನ್ನು ಕಾಗದ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಹಾಗೇ ಇದೆ. "ಸಾಲ ಯಾವತ್ತೋ ತೀರಿದೆ" ಅಂದರು. ತೀರಿರಬಹುದು. ಬಾಕಿಯಿಲ್ಲ ಎಂಬ ಬ್ಯಾಂಕಿನ ಪತ್ರ, ಅಂದರೆ ಎನ್‌ಒಸಿ, ಮತ್ತು ಫಾರಂ 35 ಕೊಟ್ಟು ಆ ಹೆಸರು ತೆಗೆಸಿದ ಮೇಲೆ, ಗಾಡಿಯನ್ನು ನಿನ್ನ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಅವರ ಸಹಿ ಆದ ಮೇಲೆ, ಪೂರ್ತಿ ಹಣ. ಅಲ್ಲಿಯವರೆಗೆ ಅಡ್ವಾನ್ಸ್ ಮಾತ್ರ. ಇನ್ಶೂರೆನ್ಸಿನಲ್ಲಿ 50 ಪರ್ಸೆಂಟ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಇದೆ ಎಂದು ಎರಡು ಸಲ ಹೇಳಿದರು. ಆ ಬೋನಸ್ ಅವರದ್ದು, ಕಾರಿನದ್ದಲ್ಲ, ನಿನಗೆ ಬರುವುದಿಲ್ಲ. ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಗಾಡಿ ರಿಜಿಸ್ಟರ್ ಆದದ್ದು 2012ರ ನವೆಂಬರ್. 2027ರ ನವೆಂಬರಿಗೆ 15 ವರ್ಷ ತುಂಬುತ್ತದೆ. ಆಗ ಆರ್‌ಟಿಒಗೆ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಫೀಸೇ 5,000, ಮೇಲೆ ಹಳೇ ಗಾಡಿಗಳಿಗೆ ಹಾಕುವ ಹಸಿರು ತೆರಿಗೆ.

ಅವರು ಕೇಳುತ್ತಿರುವುದು 3,60,000. ಮೆಕ್ಯಾನಿಕ್ ಹಾಕಿಕೊಟ್ಟ ಲೆಕ್ಕ: ಟೈರ್ 22,000, ಕ್ಲಚ್ 12,000, ಬುಷ್, ಶಾಕ್ ಅಬ್ಸಾರ್ಬರ್ ಸೇರಿ 16,000, ತುಕ್ಕಿಗೆ 8,000. ಒಟ್ಟು 58,000. ಇದೆಲ್ಲ ಮೊದಲ ಮೂರು ತಿಂಗಳಲ್ಲೇ ಆಗಬೇಕಾದ್ದು. ನೀನು 3,60,000 ಕೊಟ್ಟರೆ ಗಾಡಿ ಬಿದ್ದದ್ದು 4,18,000ಕ್ಕೆ. ಅಷ್ಟಕ್ಕೆ ಅದು ಬಾಳುವುದಿಲ್ಲ. ಮೂರು ಲಕ್ಷಕ್ಕೆ ಬಾಳುತ್ತದೆ, ಅದರ ಮೇಲೆ ಒಂದು ರೂಪಾಯಿಯೂ ಬೇಡ.

ಅಮ್ಮ ಮಾತ್ರ ಸಾಲ ಮಾಡಿಯಾದರೂ ಹೊಸ ಸಣ್ಣ ಕಾರು ತೆಗೆಯಲಿ ಅನ್ನುತ್ತಾಳೆ. ನಿನ್ನ ಸಂಬಳದಲ್ಲಿ ಐದು ವರ್ಷ ಕಂತು ಕಟ್ಟುವುದು ನನಗೆ ಇಷ್ಟವಿಲ್ಲ. ಅವಳ ಒಂದು ಮಾತು ಮಾತ್ರ ಸರಿ. ಈ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ. ನಮ್ಮ ಗೇಟಿನ ಮೋರಿ ದಾಟಲು ನೀನೊಬ್ಬಳೇ ಇದ್ದರೆ ತೊಂದರೆಯಿಲ್ಲ, ನಾಲ್ಕು ಜನ ಕೂತರೆ ತಾಗುತ್ತದೆ. ಮಳೆ ಬಿಟ್ಟ ಮೇಲೆ ಎರಡು ಲೋಡ್ ಜಲ್ಲಿ ಹಾಕಿಸುತ್ತೇನೆ. ಅದರ ಖರ್ಚು ಲೆಕ್ಕಕ್ಕೆ ಸೇರಿಸಬೇಡ, ಅದು ನನ್ನದು.

ಫೋನ್ ನೀನೇ ಮಾಡು. ಕಾರು ಕೊಳ್ಳುವವಳು ನೀನು. 2,80,000ಕ್ಕೆ ಶುರು ಮಾಡು. ಅವರು ಗಾಡಿ ಹೂವಿನ ಹಾಗಿದೆ ಅಂದರೆ ಕ್ಲಚ್ ಬಗ್ಗೆ ಕೇಳು. ಟೈರ್ ಹೊಸದು ಅಂದರೆ 3318 ಅನ್ನು. ಒಪ್ಪದಿದ್ದರೆ "ಆಯ್ತು ಅಂಕಲ್, ಯೋಚನೆ ಮಾಡಿ ಹೇಳಿ" ಅಂತ ಇಟ್ಟುಬಿಡು. ಮಳೆಗಾಲದಲ್ಲಿ ಮಡಿಕೇರಿಯಲ್ಲಿ ಹಳೇ ಕಾರಿಗೆ ಗಿರಾಕಿ ಕಡಿಮೆ, ಅವರೇ ಫೋನ್ ಮಾಡುತ್ತಾರೆ.

ನಿನ್ನ
ಅಪ್ಪ