ಹೊರಡುವ ಮುಂಚೆ ಡೀಸೆಲ್ ಫಿಲ್ಟರಿನ ನೀರು ಬಿಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಪತ್ರಿಕೆಗಳ ಪ್ರವಾಸದ ಪುಟದಲ್ಲಿ ಆಗುಂಬೆ, ಚಾರ್ಮಾಡಿ, ಕೊಡಚಾದ್ರಿ ಬರುತ್ತವೆ. ಈಚೆಗೆ ಲಡಾಖ್ ಕೂಡ. ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಎಂಬುದೆಲ್ಲ ಇರುತ್ತದೆ. ಗಾಡಿಯ ಬಗ್ಗೆ ಮಾತ್ರ ‘ಹೊರಡುವ ಮುನ್ನ ಸರ್ವೀಸ್ ಮಾಡಿಸಿ’ ಎಂಬ ಒಂದೇ ಸಾಲು. ಅಷ್ಟು ಸಾಲದು, ಅದರಲ್ಲೂ ಡೀಸೆಲ್ ಪಿಕಪ್‌ಗಳಿಗೆ. ಪಿಕಪ್ ಕೊಂಡವರು ಮುಂದೆ ಕಬ್ಬಿಣದ ಗಾರ್ಡು (ಅದು ಕಾನೂನಿಗೂ ವಿರುದ್ಧ, ಆ ಮಾತು ಬೇರೆ), ಮೇಲೆ ನಾಲ್ಕು ಲೈಟು, ಹಿಂದೆ ಟೆಂಟು ಹಾಕಿಸುತ್ತಾರೆ. ಕಾಡಿನ ನಡುವೆ ಗಾಡಿ ನಿಂತಾಗ ಬಾನೆಟ್ ಎತ್ತಿ ನೋಡಿದರೆ ಕಾರಣ ಬಹುತೇಕ ಡೀಸೆಲಿಗೆ ಸೇರಿದ ನೀರು, ಹಳೆಯ ಬೆಲ್ಟು, ಸೀಳಿದ ಹೋಸ್ ಪೈಪು, ಇಲ್ಲವೇ ಕಾದ ಬ್ರೇಕು. ಇವೆಲ್ಲ ಮನೆ ಮುಂದೆಯೇ ಕಣ್ಣಿಗೆ ಬೀಳುವಂಥವು.

ಮೊದಲು ನೀರಿನ ವಿಷಯ. ಈಗಿನ ಕಾಮನ್ ರೈಲ್ (ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಕೊಳವೆಯಿಂದ, ಅಂದರೆ ‘ರೈಲಿ’ನಿಂದ, ಡೀಸೆಲ್ ಹಂಚುವ) ಎಂಜಿನ್‌ಗಳಲ್ಲಿ ಡೀಸೆಲ್ 1,600ರಿಂದ 2,000 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ಹೋಗುತ್ತದೆ. ಆ ಒತ್ತಡ ಕೊಡುವ ಪಂಪಿಗೆ ಬಹುತೇಕ ಗಾಡಿಗಳಲ್ಲಿ ಬೇರೆ ಆಯಿಲ್ ಇರುವುದಿಲ್ಲ, ಡೀಸೆಲ್ಲೇ ಅದಕ್ಕೆ ಎಣ್ಣೆ. ನೀರು ಹೊಕ್ಕರೆ ಲೋಹಕ್ಕೆ ಲೋಹ ಒಣಗಿ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ, ಎದ್ದ ಪುಡಿ ಇಂಜೆಕ್ಟರಿನ ತೂತಿಗೆ ಹೋಗಿ ಕೂರುತ್ತದೆ. ಅಲ್ಲಿಗೆ ಬಂತೆಂದರೆ ಫಿಲ್ಟರ್ ಬದಲಿಸಿ ಮುಗಿಸುವಂತಿಲ್ಲ. ಪಂಪು, ರೈಲು, ನಾಲ್ಕೂ ಇಂಜೆಕ್ಟರು ಬಿಚ್ಚಬೇಕು. ಮಳೆಗಾಲದಲ್ಲಿ ಬಂಕಿನ ನೆಲದಡಿಯ ಟ್ಯಾಂಕಿಗೆ ನೀರು ಜಿನುಗುವುದು ಒಂದು ದಾರಿ. ಇನ್ನೊಂದು ನಮ್ಮದೇ ಟ್ಯಾಂಕು: ಅರ್ಧ ಖಾಲಿ ಬಿಟ್ಟು ರಾತ್ರಿ ಚಳಿಯಲ್ಲಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ಆದ್ದರಿಂದ ಬೆಳಿಗ್ಗೆ ಹೊರಡುವಾಗ ತುಂಬಿಸುವ ಬದಲು ರಾತ್ರಿ ನಿಲ್ಲಿಸುವ ಮುಂಚೆ ತುಂಬಿಸಿ. ಲಾರಿಗಳು ಸಾಲು ನಿಲ್ಲುವ ಬಂಕ್ ಆರಿಸಿಕೊಳ್ಳಿ, ಅಲ್ಲಿ ಡೀಸೆಲ್ ಹಳತಾಗುವುದಿಲ್ಲ. ಟ್ಯಾಂಕರ್ ಬಂದು ಇಳಿಸುತ್ತಿದ್ದರೆ ಮುಂದಿನ ಬಂಕಿಗೆ ಹೋಗಿ. ತಳದ ಕೆಸರು ಆಗ ಮೇಲೆದ್ದಿರುತ್ತದೆ.

ಡೀಸೆಲ್ ಫಿಲ್ಟರಿನ ಬುಡದಲ್ಲಿ ಒಂದು ಪುಟ್ಟ ಡ್ರೈನ್ ಪ್ಲಗ್ ಇದೆ. ಹತ್ತು ವರ್ಷ ಗಾಡಿ ಓಡಿಸಿಯೂ ಅದನ್ನು ಮುಟ್ಟದವರಿದ್ದಾರೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಪ್ಲಗ್ ಕೆಳಗೆ ಗಾಜಿನ ಬಾಟಲಿ ಹಿಡಿದು ಎರಡು ಮೂರು ಸುತ್ತು ಸಡಿಲಿಸಿ. 100–150 ಮಿ.ಲೀ. ಬಂದರೆ ಸಾಕು. ಬಾಟಲಿಯನ್ನು ಹತ್ತು ನಿಮಿಷ ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಡೀಸೆಲ್ ಮೇಲೆ ತೇಲುತ್ತದೆ. ನಡುವಿನ ಗೆರೆ ಚೆನ್ನಾಗಿ ಕಾಣುತ್ತದೆ. ನೀರು ಕಂಡರೆ ಶುದ್ಧ ಡೀಸೆಲ್ ಬರುವ ತನಕ ಬಿಡಿ. ಆಮೇಲೆ ಪ್ಲಗ್ ಕೈಯಲ್ಲೇ ಬಿಗಿ ಮಾಡಿ. ಅದು ಪ್ಲಾಸ್ಟಿಕ್ಕಾದರೆ ಪಕ್ಕಡ್ ಹಾಕಿ ತಿರುಗಿಸಬೇಡಿ, ಒಡೆಯುತ್ತದೆ. ಹ್ಯಾಂಡ್ ಪ್ರೈಮರ್ (ಫಿಲ್ಟರಿಗೆ ಡೀಸೆಲ್ ತುಂಬಿಸುವ ಕೈ ಪಂಪು) ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿ. ದೂರದ ದಾರಿಗೆ ಅದೇ ನಂಬರಿನ ಒಂದು ಹೊಸ ಫಿಲ್ಟರ್ ಜೊತೆಗಿರಲಿ.

ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದು ಗಾಡಿ ಸ್ಟಾರ್ಟ್ ಆಗದಿದ್ದರೆ ಕೆಲವು ಹಳೆಯ ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಸುತ್ತಾರೆ. ಹಳೆಯ ಪಂಪಿನ ಎಂಜಿನ್‌ಗೆ ಅದು ನಡೆಯುತ್ತಿತ್ತು. ಕಾಮನ್ ರೈಲಿನಲ್ಲಿ ಮಾಡಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ, ಬೆರಳೇ ಹೋಗಬಹುದು. ಏರ್ ತೆಗೆಯುವುದೇನಿದ್ದರೂ ಫಿಲ್ಟರಿನ ಕಡೆಯಿಂದ, ಪ್ರೈಮರಿನಿಂದ.

ಇನ್ನು ಬೆಲ್ಟು. ಹಲವು ಪಿಕಪ್‌ಗಳಲ್ಲಿ ಒಂದೇ ಬೆಲ್ಟು ವಾಟರ್ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ; ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪು ಡೈನಮೋದ ಬೆನ್ನಿಗೇ ಇರುತ್ತದೆ. ಘಟ್ಟ ಇಳಿಯುವಾಗ ಆ ಬೆಲ್ಟು ತುಂಡಾದರೆ ಚಾರ್ಜಿಂಗ್ ನಿಂತಿತು, ಎಂಜಿನ್ ಕಾಯತೊಡಗಿತು, ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಯಿತು. ಹಾಗಾಗಿ ಮೀಟರಿನಲ್ಲಿ ಬ್ಯಾಟರಿ ದೀಪ ಹತ್ತಿದರೆ ‘ಊರಿಗೆ ಹೋಗಿ ನೋಡೋಣ’ ಅನ್ನಬಾರದು, ತಕ್ಷಣ ನಿಲ್ಲಿಸಬೇಕು. ಬೆಲ್ಟಿನ ಒಳಮೈ ಮಡಚಿ ನೋಡಿ: ಅಡ್ಡ ಬಿರುಕು, ಅಂಚಿನಲ್ಲಿ ನೂಲು, ಗಾಜಿನಂಥ ಹೊಳಪು, ಇವುಗಳಲ್ಲಿ ಒಂದು ಕಂಡರೂ ಬದಲಿಸಿ. ಹಳೆಯ ಮಾದರಿಯ ವಿ ಬೆಲ್ಟು ಉದ್ದದ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು. ತೆಗೆದ ಬೆಲ್ಟು ತೀರಾ ಕೆಟ್ಟಿರದಿದ್ದರೆ ಎಸೆಯದೆ ಸೀಟಿನಡಿ ಇಟ್ಟುಕೊಳ್ಳಿ, ಮುಂದಿನ ಊರು ಮುಟ್ಟಿಸುತ್ತದೆ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹೊಯ್ಯುವ ಅಭ್ಯಾಸ ಇನ್ನೂ ಹೋಗಿಲ್ಲ. ಅದರ ಸುಣ್ಣ ಒಳಗಿನ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕೆ ಅರ್ಧ ಬೆರೆಸಿದರೆ ಮೈನಸ್ 35 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಬಾಟಲಿಯ ಮೇಲೆ ‘ನೇರವಾಗಿ ಬಳಸಿ’ ಎಂದಿದ್ದರೆ ಮತ್ತೆ ನೀರು ಬೆರೆಸಬೇಡಿ. ಎಲ್ಲರೂ ಮರೆಯುವುದು ರೇಡಿಯೇಟರ್ ಮುಚ್ಚಳವನ್ನು. ಒಳಗೆ ಒತ್ತಡ ಹಿಡಿದಿಡುವುದರಿಂದಲೇ ಕೂಲೆಂಟ್ ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. 5,000 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 83 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ವಾಷರ್ ಸತ್ತಿದ್ದರೆ ಲಡಾಖಿನ ಕಣಿವೆದಾರಿಗಳಲ್ಲಿ ಯಾವ ಕೂಲೆಂಟೂ ಕಾಪಾಡದು.

ಘಟ್ಟ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರ ಲೆಕ್ಕವೇ ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಕಾಮನ್ ರೈಲ್ ಎಂಜಿನ್‌ಗೆ ಡೀಸೆಲ್ಲೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಅದು ಬೇಕು. ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತಲೇ ಇರುತ್ತದೆ: ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯದೆ ಕನಿಷ್ಠ 230 ಡಿಗ್ರಿ ತಾಳುತ್ತದೆ, ಶೇ 3.7ರಷ್ಟು ನೀರು ಹೀರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಆಯಿಲಿನ ಗುಳ್ಳೆಯಿಂದಾಗಿ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಲೈನರ್ ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡ್ರಮ್ಮಿಗೆ ನೀರೆರಚಿದರೆ ಅದು ಬಿರಿಯುತ್ತದೆ.

ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮದ) ಗಾಡಿಯವರಿಗೆ ಒಂದೆರಡು ಮಾತು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತಿದರೆ 2,000 ಆರ್‌ಪಿಎಂ ಆಸುಪಾಸಿನಲ್ಲಿ 15–20 ನಿಮಿಷ ನಿಲ್ಲಿಸದೆ ಓಡಿಸಿ. ಒಳಗಿನ ಮಸಿ ಸುಮಾರು 600 ಡಿಗ್ರಿಯಲ್ಲಿ ಸುಟ್ಟುಹೋಗುತ್ತದೆ. ಆ ಹೊತ್ತಿಗೆ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ಬೇಸಿಗೆಯ ಕಾಡಂಚಿನಲ್ಲಂತೂ ಬೇಡವೇ ಬೇಡ. ಈ ಸುಡುವಿಕೆ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆ ದಾಟಿದ್ದರೆ ಖುಷಿಪಡುವ ವಿಷಯವಲ್ಲ, ಆಯಿಲ್ ಬದಲಿಸಬೇಕು. ಡಿಇಎಫ್ (ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ಹಾಕುವ ಗಾಡಿಯಾದರೆ ಆ ದ್ರವ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂಬುದು ನೆನಪಿರಲಿ. ಕ್ಯಾನನ್ನು ಕ್ಯಾಬಿನ್ನಿನೊಳಗೆ ಇಡಿ. ಅದನ್ನು ಕೈತಪ್ಪಿ ಡೀಸೆಲ್ ಟ್ಯಾಂಕಿಗೆ ಹೊಯ್ದರೆ ಕೀ ಕೂಡ ತಿರುಗಿಸದೆ ಟ್ಯಾಂಕ್ ಇಳಿಸಬೇಕು.

ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, ಹಗಲಲ್ಲೂ ಕಾಡಿನಲ್ಲಿ ಇಳಿದು ನಿಲ್ಲುವಂತಿಲ್ಲ. ಟೈರು, ದೀಪ, ಟೆಂಪರೇಚರ್ ಮುಳ್ಳು ಎಲ್ಲವನ್ನೂ ಗುಂಡ್ಲುಪೇಟೆಯಲ್ಲೇ ನೋಡಿಕೊಂಡು ಹೊರಡಿ. ಮನಾಲಿಯಿಂದ ಲೇಹ್ ಕಡೆ ಹೋಗುವವರಿಗೆ ತಾಂಡಿ ಬಂಕಿನ ‘ಮುಂದಿನ ಬಂಕ್ 365 ಕಿ.ಮೀ.’ ಫಲಕ ಗೊತ್ತೇ ಇದೆ. ಅಲ್ಲಿ ಊರಿನ ಮೈಲೇಜಿನ ಮೂರರಲ್ಲಿ ಎರಡು ಪಾಲು ಮಾತ್ರ ಲೆಕ್ಕ ಹಿಡಿಯಿರಿ.

ಕೊನೆಯದಾಗಿ ಸ್ಟೆಪ್ನಿ. ಪಿಕಪ್‌ನಲ್ಲಿ ಅದು ಟ್ರೇ ಅಡಿಯಲ್ಲಿ ಸರಪಳಿಗೆ ತೂಗುತ್ತಿರುತ್ತದೆ. ಕೆಸರು, ತುಕ್ಕು ಹಿಡಿದು ಆ ಸರಪಳಿ ಇಳಿಯದೆ, ಒಳ್ಳೆಯ ಟೈರ್ ಇದ್ದೂ ಪರದಾಡಿದವರು ಬಹಳ. ಹೊರಡುವ ವಾರ ಮೊದಲು ಒಮ್ಮೆ ಇಳಿಸಿ, ಗ್ರೀಸ್ ಹಚ್ಚಿ, ಗಾಳಿ ಹಿಡಿಸಿ. ಟೈರ್ ಅಂಗಡಿಯ ಗನ್ ಬಿಗಿ ಮಾಡಿದ ವೀಲ್ ನಟ್ಟುಗಳು ಗಾಡಿಯ ಜೊತೆ ಬಂದ ಸ್ಪ್ಯಾನರಿಗೆ ಬಗ್ಗುತ್ತವೆಯೇ ಎಂದೂ ಅವತ್ತೇ ನೋಡಿ. ಜಾಕಿನಡಿ ಇಡಲು ಒಂದಡಿ ಚೌಕದ ದಪ್ಪ ಹಲಗೆ ತುಂಡೊಂದು ಹಿಂದೆ ಬಿದ್ದಿರಲಿ. ಮಲೆನಾಡಿನ ಮಣ್ಣಿನಲ್ಲಿ ಜಾಕ್ ಏರಿಸಿದಷ್ಟೂ ಗಾಡಿ ಏಳುವ ಬದಲು ಜಾಕೇ ಹೂತುಹೋಗುತ್ತದೆ.

ಇಂತಿ,
ಡೀಸೆಲ್ ಗಾಡಿ ಮೆಕ್ಯಾನಿಕ್‌ಗಳು, ಸಾಗರ