ಡಬ್ಬಿಯ ಲೆಕ್ಕವೇ ಬೇರೆ, ಹೊಟ್ಟೆಯ ಲೆಕ್ಕವೇ ಬೇರೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬೆರ್ರಿ ಹಣ್ಣುಗಳ ಬಗ್ಗೆ ಬಂದ ಬರಹ ಓದಿದೆ. ಬ್ಲೂಬೆರ್ರಿಯಲ್ಲಿ ಇಷ್ಟು ಆಂಟಿಆಕ್ಸಿಡೆಂಟ್, ಸ್ಟ್ರಾಬೆರ್ರಿಯಲ್ಲಿ ಅಷ್ಟು ಅಂತ ಅಂಕಿ ಕೊಟ್ಟಿದ್ದೀರಿ. ಅದೆಲ್ಲ ಹಣ್ಣಿನೊಳಗಿನ ಲೆಕ್ಕ ಅಲ್ವಾ? ತಿಂದವರ ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ಒಂದು ಸಾಲೂ ಇಲ್ಲ.

ಮೊನ್ನೆ ಗಾಂಧಿ ಬಜಾರಿನ ತಳ್ಳುಗಾಡಿಯಿಂದ ಕಾಲು ಕೆಜಿ ನೇರಳೆ ಹಣ್ಣು ತಂದೆ. ಮೊಮ್ಮಗಳು ತಿಂದು, ಕನ್ನಡಿ ಮುಂದೆ ನಾಲಿಗೆ ಚಾಚಿ ನಿಂತಳು. ನಾನು ನಾಲ್ಕು ಹಣ್ಣಿನ ಸಿಪ್ಪೆ ನೀರಿನಲ್ಲಿ ಕಿವುಚಿ ಎರಡು ಲೋಟಕ್ಕೆ ಸುರಿದೆ. ಒಂದಕ್ಕೆ ನಿಂಬೆಹಣ್ಣು ಹಿಂಡಿದೆ, ಕೆಂಪಗೆ ಹೊಳೆಯಿತು. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದೆ. ನೀಲಿಗೆ ತಿರುಗಿ, ಸ್ವಲ್ಪ ಹೊತ್ತಿಗೆ ಮಂಕಾಯಿತು. "ತಾತ, ಹಾಳಾಯ್ತು!" ಅಂದಳು.

ಆ ಬಣ್ಣವೇ ಆಂಥೋಸಯನಿನ್, ಬೆರ್ರಿಗಳಲ್ಲೂ ಇರುವ ಒಂದು ಆಂಟಿಆಕ್ಸಿಡೆಂಟ್. ಹೊಟ್ಟೆಯ ಹುಳಿಯಲ್ಲಿ ಅದು ತಕ್ಕಮಟ್ಟಿಗೆ ಗಟ್ಟಿಯಾಗಿರುತ್ತದೆ. ಸಣ್ಣ ಕರುಳಿನಲ್ಲಿ ಹುಳಿ ಇಳಿಯುತ್ತದೆ. ಸೋಡಾ ಲೋಟದಷ್ಟು ಜೋರಲ್ಲದಿದ್ದರೂ ಒಡೆಯುವುದು ಅಲ್ಲೇ ಶುರು. ಮಿಕ್ಕಿದ್ದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲು. ಅವು ಅದನ್ನು ಮುರಿದು ಚಿಕ್ಕ ಚಿಕ್ಕ ಫೀನಾಲಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ರಕ್ತದಲ್ಲಿ ಸಿಗುವುದು ಬಹುಪಾಲು ಈ ಚೂರುಗಳೇ. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ 8 ಗಂಡಸರಿಗೆ, ದೇಹದಲ್ಲಿ ಎಲ್ಲಿ ಹೋಯಿತು ಅಂತ ಪತ್ತೆ ಹಚ್ಚಲು ಗುರುತು ಹಾಕಿದ ಆಂಥೋಸಯನಿನ್ 500 ಮಿಲಿಗ್ರಾಂ ಕೊಟ್ಟು ನೋಡಿದರು. ಚೂರುಗಳನ್ನೂ ಸೇರಿಸಿ ದೇಹಕ್ಕೆ ದಕ್ಕಿದ್ದು ಶೇ 12ರ ಆಸುಪಾಸು.

ಹಾಗಂತ ತಿಂದದ್ದು ದಂಡವಲ್ಲ. ಆ ಚೂರುಗಳಿಗೂ ದೇಹದಲ್ಲಿ ಕೆಲಸ ಇರಬಹುದು, ಅದನ್ನೇ ವಿಜ್ಞಾನಿಗಳು ಈಗ ಹುಡುಕುತ್ತಿದ್ದಾರೆ. ತಮಾಷೆ ಅಂದರೆ, ಈ ಚೂರುಗಳು ಎಲ್ಲರಿಗೂ ಒಂದೇ ಥರ ಸಿಗುವುದಿಲ್ಲ. ದಾಳಿಂಬೆ, ಸ್ಟ್ರಾಬೆರ್ರಿಯ ಕೆಲವು ಅಂಶಗಳಿಂದ ಕರುಳಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್ ಎಂಬ ಇಂಥದ್ದೇ ಚೂರು ತಯಾರಿಸುತ್ತವೆ. ಕೆಲವರ ಕರುಳಿನಲ್ಲಿ ಅದನ್ನು ಮಾಡುವ ಬ್ಯಾಕ್ಟೀರಿಯಾವೇ ಇಲ್ಲ. ಗಂಡ ಹೆಂಡತಿ ಒಂದೇ ಬಟ್ಟಲಿನಿಂದ ತಿಂದರೂ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗದಿರಬಹುದು.

ಪ್ರಯೋಗಾಲಯದಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಅಂಕಿಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ವಾಪಸ್ ತೆಗೆದುಕೊಂಡಿತು. ಜಾಹೀರಾತಿನವರು ಅಂಥ ಅಂಕಿಗಳನ್ನು ಇನ್ನೂ ಬಿಟ್ಟಿಲ್ಲ. ಕೆಮಿಸ್ಟ್ರಿ ಪಾಠ ಮಾಡಿದ ನಾನೇ ಕಳೆದ ವರ್ಷ ಅಂಥ ದೊಡ್ಡ ಅಂಕಿ ನೋಡಿ ಬೆರ್ರಿ ಪುಡಿಯ ಡಬ್ಬಿ ತಂದೆ. ಬೆಲೆ ಹೇಳಿದರೆ ಮನೆಯಲ್ಲಿ ಇವತ್ತೂ ಬೈಗುಳ.

ಮುಂದಿನ ಸಲ ಹಣ್ಣಿನ ಅಂಕಿಯ ಪಕ್ಕದಲ್ಲೇ ರಕ್ತದ ಅಂಕಿಯನ್ನೂ ಹಾಕಿ, ದಯವಿಟ್ಟು. ಆ ಡಬ್ಬಿ ಇನ್ನೂ ಅರ್ಧ ಹಾಗೇ ಇದೆ, ಫ್ರಿಜ್ಜಿನ ಮೇಲೆ.

– ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು, ಬಸವನಗುಡಿ, ಬೆಂಗಳೂರು