ಮನೆಯನ್ನು ಕೆಡವಬೇಡ ಮಗಳೇ, ಬಿಚ್ಚಿಸು

ಪ್ರೀತಿಯ ಮಗಳೇ,

ಪಾಲು ಮುಗಿಯಿತು, ಜಾಗ ಹಂಚಿಹೋಯಿತು. ಆ ವಿಷಯ ಈ ಪತ್ರದಲ್ಲಿ ಬೇಡ. ಹಳೆ ಮನೆ ಇಳಿಸುವಾಗ ನೀನೇ ಬಂದು ನಿಂತು ಮಾಡಿಸುತ್ತೇನೆ ಅಂದೆಯಲ್ಲ, ಅದಕ್ಕೆ ಬೇಕಾದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಜೆಸಿಬಿಯವರು ಒಂದೇ ದಿನದಲ್ಲಿ ನೆಲಸಮ ಮಾಡಿಕೊಡುತ್ತೇವೆ ಅನ್ನುತ್ತಾರೆ. ಮಾಡುತ್ತಾರೆ ಕೂಡ. ಆದರೆ ತೊಟ್ಟಿಮನೆಯ ಮರಗೆಲಸ ಮೊಳೆ ಹೊಡೆದು ನಿಲ್ಲಿಸಿದ್ದಲ್ಲ, ಒಂದರೊಳಗೊಂದು ಕೂರಿಸಿದ್ದು. ಕೂರಿಸಿದ್ದನ್ನು ಬಿಚ್ಚಲು ಬರುತ್ತದೆ.

ಜಗಲಿಯ ಎರಡನೇ ಕಂಬವನ್ನೇ ನೋಡು. ಚಿಕ್ಕವಳಿದ್ದಾಗ ನೀನು ಹುಣಸೆಬೀಜ ಅಡಗಿಸಿಡುತ್ತಿದ್ದ ಚೌಕ ತೂತು ಇದೆಯಲ್ಲ, ಅದು ತೊಲೆಯ ತುದಿ ಕೂರುವ ಗುಳಿ. ನಮ್ಮ ಮನೆಯ ಯಾವ ತೊಲೆಗೂ ಅದು ಹೊಂದುವುದಿಲ್ಲ, ಏಕೆಂದರೆ ಆ ಕಂಬ ಶರಾವತಿ ಮುಳುಗಡೆಯ ಊರೊಂದರ ಮನೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಬಿಟ್ಟವರು ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ಹೊತ್ತು ತಂದರು. ಕಂಬದ ಬುಡದಲ್ಲಿ ಉಳಿಯಿಂದ ಕೊರೆದ ಗೀಟುಗಳಿವೆ, ಕೈಯಾಡಿಸಿದರೆ ಸಿಗುತ್ತವೆ. ಅದು ಬಡಗಿ ಹಾಕಿದ ಲೆಕ್ಕ. ಒಮ್ಮೆ ಬಿಚ್ಚಿ ಕಟ್ಟಿದ ಮರ ಇದು. ಇನ್ನೊಮ್ಮೆ ಬಿಚ್ಚಲಾಗದು ಎಂದು ಯಾರೇ ಹೇಳಿದರೂ ಕೇಳಬೇಡ.

ಮೊದಲ ಕೆಲಸ ಅಳತೆ. ಒಂದು ಹಂಚು ಇಳಿಸುವುದಕ್ಕೂ ಮುಂಚೆ ಇದು ಮುಗಿದಿರಬೇಕು. 30 ಮೀಟರಿನ ಟೇಪು, ತೂಗುಗುಂಡು, ಚೌಕಳಿ ಪುಸ್ತಕ ಸಾಕು. ಟೇಪಿನ ಸೊನ್ನೆಯನ್ನು ಗೋಡೆಯ ಮೂಲೆಗೆ ಹಿಡಿದು, ಎಲ್ಲೂ ಎತ್ತದೆ, ಬಾಗಿಲು ಕಿಟಕಿಗಳ ಅಂಚುಗಳನ್ನೆಲ್ಲ ಒಂದೇ ಓಟದಲ್ಲಿ ಬರೆದುಕೊ. ಬಿಡಿಬಿಡಿಯಾಗಿ ಅಳೆದು ಕೂಡಿಸಿದರೆ ಅರ್ಧರ್ಧ ಅಂಗುಲದ ತಪ್ಪು ಸೇರಿ ಕೊನೆಗೆ ನಕ್ಷೆಯಲ್ಲಿ ಗೋಡೆಗಳು ಒಂದಕ್ಕೊಂದು ಸೇರುವುದಿಲ್ಲ. ಪ್ರತಿ ಕೋಣೆಯ ಎರಡೂ ಕರ್ಣಗಳನ್ನು ಅಳೆ. ಮಣ್ಣುಗೋಡೆಯ ಮನೆಯಲ್ಲಿ ಮೂಲೆಗಳು ಸಮಕೋನ ಇರುವುದು ಅಪರೂಪ, ಕರ್ಣ ಇಲ್ಲದೆ ನಕ್ಷೆ ನಿಲ್ಲುವುದಿಲ್ಲ. ಗೋಡೆಯ ದಪ್ಪ, ಹೊಸಿಲಿನ ಎತ್ತರ, ಬಾಗಿಲಿನ ಎತ್ತರ, ಜಗಲಿಯಿಂದ ಅಂಗಳಕ್ಕೆ ಇರುವ ಇಳಿತ, ಸೂರು ನೆಲದಿಂದ ಎಷ್ಟು ಮೇಲಿದೆ ಎಂಬುದು, ಎಲ್ಲವೂ ಬೇಕು.

ಇವುಗಳಲ್ಲಿ ಕೆಲವು ನಿನ್ನ ಬಾಲ್ಯದ ಅಳತೆಗಳೂ ಹೌದು, ಅವನ್ನು ಬೇರೆ ಹಾಳೆಯಲ್ಲಿ ಬರೆ. ನಡುಮನೆಯ ನೆಲದ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಸರಿಯುತ್ತಿದ್ದ ಬಿಸಿಲಿನ ಚೌಕ ಗಾಜಿನ ಹಂಚಿನಿಂದ ಬರುವುದು. ಆ ಹಂಚು ಸೂರಿನಿಂದ ಎಷ್ಟನೇ ಸಾಲಿನಲ್ಲಿದೆ, ನೆಲದಿಂದ ಎಷ್ಟು ಎತ್ತರ, ಮಾಡಿನ, ಅಂದರೆ ಚಾವಣಿಯ, ಆ ಮಗ್ಗುಲು ಯಾವ ದಿಕ್ಕಿಗಿದೆ ಎಂದು ಗುರುತು ಮಾಡು. ಈ ಮೂರೂ ಇದ್ದರೆ ನಿನ್ನ ಹೊಸ ಮನೆಯಲ್ಲೂ ಹಾಗೆಯೇ ಬಿಸಿಲು ಬೀಳಿಸಬಹುದು, ಒಂದು ತಪ್ಪಿದರೂ ಬೇರೆಲ್ಲೋ ಬೀಳುತ್ತದೆ. ಅಡುಗೆಮನೆಯ ಬಾಗಿಲಲ್ಲಿ ದೊಡ್ಡವರೆಲ್ಲ ತಲೆ ಬಗ್ಗಿಸಬೇಕಿತ್ತು, ನೀನು ಮಾತ್ರ ನೆಟ್ಟಗೆ ಓಡುತ್ತಿದ್ದೆ. ಆ ಬಾಗಿಲಿನ ಎತ್ತರ ಇದ್ದ ಹಾಗೆಯೇ ಬರೆದುಕೊ, ಹೊಸ ಮೇಸ್ತ್ರಿ ಏಳಡಿ ಮಾಡೋಣ ಅಂದಾಗ ತೋರಿಸಲು ಬೇಕಾಗುತ್ತದೆ. ಅಟ್ಟದಲ್ಲಿ ಕಿರುಗುಟ್ಟುತ್ತಿದ್ದ ಹಲಗೆಯ ಕೆಳಗೆ ಅದನ್ನು ಹೊತ್ತ ಜಂತಿಯ ತುದಿ ಕೊಳೆತು ಲಡ್ಡಾಗಿದೆ, ಅದಕ್ಕೆ ಆ ಸದ್ದು. ಹಲಗೆಗೆ ಗುರುತು ಹಾಕು, ಜಂತಿಯನ್ನು ಮಾತ್ರ ಸೌದೆಗೆ ಹಾಕು.

ಇನ್ನು ಸಂಖ್ಯೆ. ಹೆಬ್ಬಾಗಿಲಿನಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ಕಂಬಗಳಿಗೆ ಕ1, ಕ2, ತೊಲೆಗಳಿಗೆ ತ1, ತ2 ಎಂದು ಕೊಡು. ಸೀಮೆಸುಣ್ಣ ಒಂದು ಮಳೆಗೆ ಹೋಗುತ್ತದೆ. ಅಲ್ಯೂಮಿನಿಯಂ ತಗಡಿನ ತುಂಡಿಗೆ ಮೊಳೆಯಿಂದ ಕುಟ್ಟಿ ಸಂಖ್ಯೆ ಮೂಡಿಸಿ, ಕಾಣದ ಮಗ್ಗುಲಿಗೆ ಎರಡು ಸಣ್ಣ ಮೊಳೆ ಹೊಡೆಸು. ಪ್ರತಿ ಕೂಡುವಿಕೆಯ ಎರಡೂ ಕಡೆಗೆ ಒಂದೇ ಗುರುತು ಇರಲಿ. ಕಂಬ, ಅದರ ಮೇಲಿನ ಬೋದಿಗೆ, ಬೋದಿಗೆಯ ಮೇಲಿನ ತೊಲೆ ಮೂರನ್ನೂ ಒಬ್ಬ ಬಡಗಿ ಆಯಾ ಜಾಗಕ್ಕೆಂದೇ ಕೆತ್ತಿ ಕೂರಿಸಿರುತ್ತಾನೆ. ಅದಲುಬದಲಾದರೆ ಕಾಲಂಗುಲ ಸಂದಿ ಬಿಡುತ್ತದೆ, ಆಮೇಲೆ ಮರ ಕೆತ್ತಿ ಸರಿಮಾಡಲು ಹೋಗಿ ಎರಡೂ ಕೆಡುತ್ತವೆ. ಬಡಗಿಗಳನ್ನು ಕರೆದುಕೊಂಡು ಒಮ್ಮೆ ಮಣಿಪಾಲಕ್ಕೆ ಹೋಗಿ ಬಾ. ಅಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಬೇರೆ ಊರುಗಳಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳಿವೆ. ಕಣ್ಣಿಂದ ನೋಡಿದ ಮೇಲೆ ಅವರ ಕೈ ಬೇರೆ ಥರ ಓಡುತ್ತದೆ.

ಕೆಲಸ ಸಂಕ್ರಾಂತಿ ಕಳೆದ ಕೂಡಲೆ ಹಿಡಿಸು. ಮಾಡು ತೆಗೆದ ಮಣ್ಣುಗೋಡೆ ಬೇಸಿಗೆಯ ಒಂದು ಅಡ್ಡಮಳೆಯನ್ನೂ ತಾಳುವುದಿಲ್ಲ. ಮೆಸ್ಕಾಂನವರಿಂದ ಕರೆಂಟು ತೆಗೆಸಿ, ತೆಗೆದದ್ದಕ್ಕೆ ಬರಹ ಪಡೆದ ಮೇಲೆಯೇ ಯಾರಾದರೂ ಮಾಡು ಹತ್ತಲಿ.

ಹಂಚನ್ನು ನೆತ್ತಿಯಿಂದ ಕೆಳಗೆ ತೆಗೆಯಬೇಕು, ಮೇಲಿನದು ಕೆಳಗಿನದರ ಮೇಲೆ ಕೂತಿರುತ್ತದೆ. ಎರಡೂ ಮಗ್ಗುಲನ್ನು ಸಮಸಮವಾಗಿ ಇಳಿಸಬೇಕು, ಈ ಮಾತನ್ನು ದಿನಾ ಬೆಳಿಗ್ಗೆ ಕೆಲಸದವರಿಗೆ ನೆನಪಿಸು. ಮಂಗಳೂರು ಹಂಚು ಒಂದೊಂದು ಎರಡರಿಂದ ಮೂರು ಕೆಜಿ, ಚದರ ಮೀಟರಿಗೆ ಸುಮಾರು 15 ಕೂರುತ್ತವೆ. ಒಂದು ಮಗ್ಗುಲು ಪೂರ್ತಿ ಖಾಲಿಯಾದರೆ ಇನ್ನೊಂದರ ಭಾರಕ್ಕೆ ನೆತ್ತಿಯಿಂದ ಸೂರಿಗೆ ಇಳಿದ ಪಕಾಸುಗಳೆಲ್ಲ ವಾಲಿಕೊಳ್ಳುತ್ತವೆ, ಗೋಡೆಯನ್ನೂ ತಳ್ಳುತ್ತವೆ. ಇಳಿಸಿದ್ದನ್ನು ಬೆರಳಲ್ಲಿ ತಟ್ಟಿ ನೋಡಿಸು. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಕಣ್ಣಿಗೆ ಕಾಣದ ಬಿರುಕಿದೆ. ನಿಲ್ಲಿಸಿ ಜೋಡಿಸಬೇಕು, ಮಲಗಿಸಿ ಪೇರಿಸಿದರೆ ಅಡಿಯವು ಸೀಳುತ್ತವೆ. ಹಂಚಿನ ಅಡಿಯ ಮುದ್ರೆ ನೋಡಿ ಕಾರ್ಖಾನೆವಾರು ಬೇರೆ ಮಾಡು, ಒಂದರ ಅಂಚಿನ ಗಾಡಿ (ತೋಡು) ಇನ್ನೊಂದರ ಗಾಡಿಗೆ ಸರಿಯಾಗಿ ಕೂರುವುದಿಲ್ಲ, ಬೆರೆಸಿ ಹೊದಿಸಿದ ಮಾಡು ಸೋರಿಯೇ ಸೋರುತ್ತದೆ. ಮುದ್ರೆಯಲ್ಲಿ 1865 ಎಂದು ಕಂಡರೆ ಅದು ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ, ನಮ್ಮ ಮಾಡಿಗೆ ಅಷ್ಟು ವಯಸ್ಸಾಗಿಲ್ಲ.

ಹಂಚು ಕೂರುವ ರೀಪುಗಳ ಮೊಳೆ ತುಕ್ಕು ಹಿಡಿದಿರುತ್ತದೆ. ಎಳೆದರೆ ಪಕಾಸಿನ ಮೈ ಸಿಗಿದು ಬರುತ್ತದೆ, ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ಯುವುದು ಒಳ್ಳೆಯದು. ತೊಟ್ಟಿಯ ನಾಲ್ಕು ಮೂಲೆಗಳಲ್ಲಿ ಮಾಡಿನ ಎರಡು ಇಳಿಜಾರು ಸೇರುವ ಮರಗಳನ್ನು ಅನುಮಾನದಿಂದಲೇ ನೋಡು. ಮಳೆಗಾಲದಲ್ಲಿ ನೀನು ಕೊಡ ಹಿಡಿದು ನಿಲ್ಲುತ್ತಿದ್ದ ನೀರೆಲ್ಲ ಹರಿದು ಬಂದದ್ದು ಅವುಗಳ ಮೇಲೆಯೇ. ಹೊರಗೆ ಗಟ್ಟಿ ಕಾಣುತ್ತವೆ, ದಬ್ಬಳ ಚುಚ್ಚಿದರೆ ಒಳಗಿಳಿಯುತ್ತದೆ.

ಅಟ್ಟದ ಹಲಗೆಯ ಮೇಲೆ ಮಣ್ಣಿನ ಹಾಸು ಇದೆ. ಬೇಸಿಗೆಯಲ್ಲಿ ಕೋಣೆ ತಂಪಾಗಿದ್ದದ್ದು ಅದರಿಂದ. ಹಲಗೆ ಕೀಳುವ ಮೊದಲು ಅದನ್ನು ಬುಟ್ಟಿಯಲ್ಲಿ ಕೆಳಗಿಳಿಸಲೇಬೇಕು. 10 ಅಡಿ, 12 ಅಡಿಯ ಕೋಣೆಗೆ 3 ಅಂಗುಲದ ಹಾಸು ಎಂದರೆ 30 ಘನ ಅಡಿ, ಒಂದು ಟನ್ನಿಗೂ ಮೇಲೆ. ಕೆಲಸದವರು ಸುಲಭಕ್ಕೆಂದು ಒಂದು ಮೂಲೆಗೆ ಗುಡ್ಡೆ ಎಳೆಯುತ್ತಾರೆ. ಆ ಮೂಲೆಯ ಜಂತಿ ಮುರಿದು ಆಳು ಸಮೇತ ಕೆಳಗೆ ಬರುತ್ತದೆ, ಬಿಡಬೇಡ.

ತೊಲೆ ಇಳಿಸುವಾಗ ಆತುರ ಕೂಡದು. 10 ಅಂಗುಲ ಅಗಲ, 8 ಅಂಗುಲ ದಪ್ಪ, 14 ಅಡಿ ಉದ್ದದ ತೇಗದ ತೊಲೆ ಸುಮಾರು 140 ಕೆಜಿ ತೂಗುತ್ತದೆ. ಎರಡೂ ತುದಿಗೆ ಕೆಳಗಿನಿಂದ ಆಸರೆಗಂಬದ ಊರೆ ಕೊಟ್ಟು, ಮರದ ಆಣಿಗಳನ್ನು ಹಿಂದಿನಿಂದ ಕೊಡತಿಯಲ್ಲಿ ತಟ್ಟಿ ತೆಗೆದು, ಆಮೇಲೆ ಹಗ್ಗದಲ್ಲಿ ಇಳಿಸಬೇಕು. ಆಣಿಗಳನ್ನೂ ಎಸೆಯಬೇಡ, ಅವೂ ಗಟ್ಟಿಮರದವು.

ಬಾಗಿಲುವಾಡದ ಹೊಸಿಲು ಮತ್ತು ಮೇಲಿನ ಪಟ್ಟಿಯ ತುದಿಗಳು ಗೋಡೆಯೊಳಗೆ ಅರ್ಧ ಮುಕ್ಕಾಲು ಅಡಿ ಹೋಗಿರುತ್ತವೆ. ಬೇಗ ಮುಗಿಸಲು ಅವನ್ನು ಗರಗಸದಲ್ಲಿ ಕತ್ತರಿಸಿಬಿಡುತ್ತಾರೆ. ಹಾಗೆ ಕಿವಿ ಕಳೆದುಕೊಂಡ ಬಾಗಿಲುವಾಡ ಗೋಡೆಗೆ ಹಿಡಿಯುವುದಿಲ್ಲ, ಕ್ಲಾಂಪು ಹಾಕಿ ನಿಲ್ಲಿಸಿದರೂ ಬಾಗಿಲು ಬಡಿದಾಗಲೆಲ್ಲ ಅದುರುತ್ತದೆ. ಸುತ್ತಲಿನ ಮಣ್ಣನ್ನು ಒದ್ದೆ ಮಾಡಿ ಕೆದಕಿಸು. ಅದಕ್ಕೂ ಮೊದಲು ಚೌಕಟ್ಟಿಗೆ ಅಡ್ಡಡ್ಡ ಎರಡು ರೀಪು ಹೊಡೆಸಿದರೆ ಮೂಲೆ ಸರಿಯುವುದಿಲ್ಲ. ಹೆಬ್ಬಾಗಿಲಿನ ಮೇಲೆ ದೀಪಾವಳಿಯ ಜೇಡಿ, ಕೆಮ್ಮಣ್ಣಿನ ಗುರುತುಗಳು ಪದರ ಪದರವಾಗಿ ಕೂತಿವೆ, ಅದರಲ್ಲಿ ನಿನ್ನ ಪುಟ್ಟ ಬೆರಳಿನವೂ ಇವೆ. ಆ ಮೈಗೆ ಕೀಸುಳಿ ತಾಗದಂತೆ ನೋಡಿಕೊ. ಬಡಗಿಗೆ ಹಳೆ ಮರ ಕಂಡರೆ ಕೀಸಿ ಹೊಳೆಸುವ ಆಸೆ, ಮೊದಲೇ ಹೇಳಿರಬೇಕು.

ಬಚ್ಚಲ ಹಂಡೆಯನ್ನು ಹಾರೆ ಹಾಕಿ ಎಬ್ಬಿಸಿದರೆ ಕಂಠ ಸೊಟ್ಟಗಾಗುತ್ತದೆ. ಒಲೆಯನ್ನೇ ಒಡೆಸು. ಕೆಂಪು ನೆಲವನ್ನು ಮಾತ್ರ ಉಳಿಸಲಾಗದು, ಅದು ಏಳುವಾಗ ಚೂರಾಗುತ್ತದೆ. ಅಂಚಿನ ಕಪ್ಪು ಪಟ್ಟಿಯ ಅಗಲ ಅಳೆದು, ಬಣ್ಣಕ್ಕೆ ಒಂದು ಚೂರು ಇಟ್ಟುಕೊ. ಅಟ್ಟದ ಪೆಟ್ಟಿಗೆಯ ಕಡತ, ತಾಳೆಗರಿಗಳನ್ನು ಬಿಸಿಲಿಗೆ ಹಾಕಬೇಡ, ಎಣ್ಣೆಯನ್ನೂ ಸವರಬೇಡ. ಹತ್ತಿಬಟ್ಟೆಯಲ್ಲಿ ಸುತ್ತಿ ಕೆಳದಿಯ ವಸ್ತುಸಂಗ್ರಹಾಲಯದವರಿಗೆ ತೋರಿಸು.

ಮರವನ್ನು ನೆಲದಿಂದ ಒಂದಡಿ ಎತ್ತರದ ಕಲ್ಲಿನ ಮೇಲೆ ಪೇರಿಸಬೇಕು. ಸಾಲು ಸಾಲಿನ ನಡುವೆ ಎರಡು ಮೂರು ಅಡಿಗೊಂದರಂತೆ ಒಂದಂಗುಲದ ರೀಪುಗಳು, ಅವೂ ಒಂದರ ಮೇಲೊಂದು ನೇರವಾಗಿ ಬರಬೇಕು, ಇಲ್ಲವಾದರೆ ಮರ ಬಾಗುತ್ತದೆ. ಮೇಲೆ ತಗಡು ಸಾಕು, ಬದಿಗಳು ತೆರೆದಿರಲಿ. ಟಾರ್ಪಾಲಿನಲ್ಲಿ ಬಿಗಿದು ಸುತ್ತಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಹುಳಕ್ಕೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಿಕ್ ಆಸಿಡ್, 450 ಗ್ರಾಂ ಬೋರಾಕ್ಸ್ ಕರಗಿಸಿ, ಕೈಗವಸು ಹಾಕಿಕೊಂಡು ಎರಡು ಸಲ ಹಚ್ಚಿಸು. ಮಳೆಗೆ ತೊಳೆದುಹೋಗುವ ಔಷಧಿ ಇದು, ಒಳಗಿರುವ ಮರಕ್ಕೆ ಮಾತ್ರ.

ಬೇಡವಾದದ್ದನ್ನು ಮಾರುವಾಗ ಲೋಡಿನ ಲೆಕ್ಕಕ್ಕೆ ಒಪ್ಪಬೇಡ. ಅಗಲದ ಅಂಗುಲವನ್ನು ದಪ್ಪದ ಅಂಗುಲದಿಂದ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಮೇಲೆ ಹೇಳಿದ ತೊಲೆ ಹೆಚ್ಚುಕಡಿಮೆ ಏಳೂಮುಕ್ಕಾಲು ಘನ ಅಡಿ. ಬೀಟೆ, ತೇಗ, ಹಲಸು ಒಂದೊಂದರ ದರ ಬೇರೆ. ಲಾರಿಗೆ ಹೇರುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅಳತೆಯ ಪಟ್ಟಿ, ಮನೆಯ ಫೋಟೋ, ಪಾಲುಪತ್ರದ ನಕಲು ತೆಗೆದುಕೊಂಡು ಹೋಗಿ, ಸಾಗಿಸಲು ಏನು ಬೇಕೆಂದು ಕೇಳಿ ಕಾಗದ ಮಾಡಿಸಿಕೊ. ಹಳೆ ಮನೆಯದೇ ಆದರೂ ತನಿಖೆ ಠಾಣೆಯಲ್ಲಿ ಬಾಯಿಮಾತು ನಡೆಯುವುದಿಲ್ಲ.

ಬಡಗಿಗಳಿಗೆ ದಿನಗೂಲಿ ಕೊಡು, ಒಟ್ಟು ಗುತ್ತಿಗೆ ಬೇಡ. ಗುತ್ತಿಗೆಯಾದರೆ ಗರಗಸ ಬೇಗ ಹೊರಗೆ ಬರುತ್ತದೆ. ಬರುವ ಮುಂಚೆ ಫೋನು ಮಾಡು, ಊರೆ ಕೊಡಲು ಅಡಿಕೆ ಮರದ ಕಂಬಗಳನ್ನು ಕಡಿಸಿ ಇಡಿಸುತ್ತೇನೆ.

ನಿನ್ನ,
ಅಪ್ಪ